ತೋಟದ ಟಿಪ್ಪಣಿ: ಮೈಲುತುತ್ತದ ಕಥೆ, ನನ್ನದೊಂದು ತಪ್ಪು

ಮಳೆ ಎರಡು ದಿನ ಬಿಡುವು ಕೊಟ್ಟಿದೆ. ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದನ್ನ ಇವತ್ತು ಕೂತು ಬರೀತಾ ಇದೀನಿ. ಸ್ವಲ್ಪ ಉದ್ದ ಆಗತ್ತೆ. ಈಗ ಪುರುಸೊತ್ತಿಲ್ಲ ಅಂದ್ರೆ ರಾತ್ರಿ ಊಟ ಆದ್ಮೇಲೆ ಓದಿ.

ಮೊದಲು ತಪ್ಪು ಒಪ್ಕೊಂಡುಬಿಡ್ತೀನಿ. ಹೋದ ವರ್ಷ ಇದೇ ಪುಟದಲ್ಲಿ ನಮ್ಮ ಅಡಿಕೆ ಸಸಿಗಳ ಫೋಟೋ ಹಾಕಿದ್ದೆ. ಸೋಗೆ ಹಳದಿ ತಿರುಗಿತ್ತು. ಇದು ಸತುವಿನ ಕೊರತೆ, ಜಿಂಕ್ ಸಲ್ಫೇಟ್ ಕೊಡಿ ಅಂತ ಧೈರ್ಯವಾಗಿ ಬರೆದಿದ್ದೆ. ನಾನೂ ಕೊಟ್ಟಿದ್ದೆ. ಒಂದು ತಿಂಗಳಾದ್ಮೇಲೆ ಹಸಿರು ತಿರುಗಿತು, ನೋಡಿ ನಾನು ಹೇಳಿದ್ದು ಸರಿ ಅಂತ ಇನ್ನೊಂದು ಫೋಟೋನೂ ಹಾಕಿದ್ದೆ. ಅದನ್ನ ನಂಬಿ ಎಮ್ಮೆದೊಡ್ಡಿ ಸುತ್ತಲಿನ ಮೂರು ಜನ ತಂದು ಹಾಕಿದರು.

ಅದರಲ್ಲಿ ಒಬ್ಬ ನಮ್ಮ ಕೆಳಗಿನ ತೋಟದ ಹುಡುಗ. ಅವನದು ತಗ್ಗು ಜಾಗ, ಎರೆ ಮಣ್ಣು. ಅವನ ಅರವತ್ತು ಸಸಿ ಹೋದವು. ಕಿತ್ತು ನೋಡಿದ್ರೆ ಬೇರು ಕಪ್ಪಗಾಗಿ ಕೊಳೆತು ನಾರ್ತಿತ್ತು. ಬುಡದಲ್ಲಿ ನೀರು ನಿಂತು ಹೋಗಿದ್ದವು. ಬಸಿಗಾಲುವೆ ಮುಚ್ಚಿಹೋಗಿತ್ತು. ಅವನು ನನ್ನ ಬೈಲಿಲ್ಲ. "ನೀನು ಬರೆದಿದ್ದು ನೋಡಿ ಸತು ಹಾಕಿ ಒಂದು ತಿಂಗಳು ಕಾದೆ ಕಣಣ್ಣ" ಅಂದ, ಅಷ್ಟೇ. ಬೈದಿದ್ರೇ ವಾಸಿ ಇತ್ತು.

ನನ್ನ ಸಸಿ ಹಸಿರಾಗಿದ್ದು ಸತುವಿನಿಂದ ಅಲ್ಲ. ಆ ತಿಂಗಳು ಮಳೆ ನಿಂತಿತ್ತು, ನನ್ನ ಜಾಗ ಸ್ವಲ್ಪ ಏರು, ನೀರು ತಾನಾಗೇ ಬಸಿದು ಹೋಗಿತ್ತು. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದೆ. ಸತು ಸಾಕಷ್ಟಿದೆ ಅಂತ ಬಂತು. ಪರೀಕ್ಷೆ ಮೊದಲು ಮಾಡಿಸಬೇಕಿತ್ತು, ನಾನು ಕೊನೆಗೆ ಮಾಡಿಸಿದೆ.

ಈ ತಪ್ಪು ಎಂಥದ್ದು ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ನನ್ನ ಮಗಳಿಂದ. ಅವಳು ಸೂಕ್ಷ್ಮಜೀವಿ ವಿಷಯದಲ್ಲಿ ಎಂ.ಎಸ್ಸಿ. ಓದ್ತಾ ಇದಾಳೆ. ವರ್ಷಾ ವರ್ಷ ಮೈಲುತುತ್ತ ಬಿದ್ದ ಅಡಿಕೆ ತೋಟದ ಮಣ್ಣಿನ ಬ್ಯಾಕ್ಟೀರಿಯಾ ತಗೊಂಡು ಅದಕ್ಕೆ ತಾಮ್ರ ಕೊಟ್ಟರೆ ಯಾವ ಜೀನು ಕೆಲಸಕ್ಕೆ ಏಳತ್ತೆ ಅಂತ ನೋಡೋದು ಅವಳ ಪ್ರಾಜೆಕ್ಟು. ಒಂದು ಜೀನು ಜೋರಾಗಿ ಎದ್ದಿತ್ತು. "ತಾಮ್ರದ ಜೀನು ಸಿಕ್ತು ಅಪ್ಪ" ಅಂತ ಖುಷಿಯಲ್ಲಿ ಫೋನ್ ಮಾಡಿದ್ದಳು. ಹದಿನೈದು ದಿನಕ್ಕೆ ಮತ್ತೆ ಫೋನು, ಈ ಸಲ ಅಳು. ಅವಳ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದ್ರಂತೆ: "ತಾಮ್ರ ಬಿಟ್ಟು ಬರೀ ಬಿಸಿ ಕೊಟ್ಟು ನೋಡಿದ್ಯಾ?" ನೋಡಿರಲಿಲ್ಲ. ನೋಡಿದಳು. ಬಿಸಿ ಕೊಟ್ಟರೂ ಅದೇ ಜೀನು ಎದ್ದಿತು. ಉಪ್ಪು ಕೊಟ್ಟರೂ ಎದ್ದಿತು.

"ಅಂದ್ರೆ ಏನವ್ವ?" ಅಂದೆ.

"ಅದು ತಾಮ್ರ ಬಂತು ಅಂತ ಹೇಳ್ತಿಲ್ಲ ಅಪ್ಪ, ಕಷ್ಟ ಬಂತು ಅಂತ ಕೂಗ್ತಿದೆ ಅಷ್ಟೇ" ಅಂದಳು.

ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಹಳದಿ ಸೋಗೆಯೂ ಅದೇ ಅಲ್ವಾ? ಕಷ್ಟ ಬಂತು ಅಂತ ಕೂಗ್ತಿತ್ತು. ಯಾವ ಕಷ್ಟ ಅಂತ ಹೇಳಿರಲಿಲ್ಲ. ಹೆಸರು ಇಟ್ಟವನು ನಾನು.

ದನ ಕಟ್ಟಿದವರಿಗೆ ಇದು ಗೊತ್ತಿರೋ ವಿಷಯ. ಹಸು ಮೇವು ಬಿಟ್ಟಿತು ಅಂದ್ರೆ ಏನೋ ಆಗಿದೆ ಅಂತ ಅರ್ಥ. ಜ್ವರ ಇರಬಹುದು, ಹೊಟ್ಟೆ ಉಬ್ಬರ ಇರಬಹುದು, ಕೊರಳಲ್ಲಿ ಏನೋ ಸಿಕ್ಕಿರಬಹುದು. ಆದರೆ ತೊಡೆ ಊದಿ, ಕೈಯಿಂದ ಒತ್ತಿದ್ರೆ ಚರಚರ ಅಂದ್ರೆ ಅದು ಚಪ್ಪೆ ರೋಗ. ಮೇವು ಬಿಡೋದು ಎಲ್ಲ ರೋಗಕ್ಕೂ ಇರೋ ಕೂಗು. ಚರಚರ ಸದ್ದು ಒಂದು ರೋಗದ ಗುರುತು. ಕೂಗು ಬೇರೆ, ಗುರುತು ಬೇರೆ.

ವಿಜ್ಞಾನಿಗಳಿಗೆ ಈ ಎರಡನ್ನ ಬೇರೆ ಮಾಡೋಕೆ ಎಷ್ಟು ವರ್ಷ ಹಿಡೀತು ಅಂತ ಮಗಳನ್ನ ಕೇಳ್ತಾ, ಅವಳು ಕಳಿಸಿದ್ದನ್ನ ಓದ್ತಾ ಹೋದೆ. ನಾವು ಮಳೆಗಾಲದಲ್ಲಿ ಕಲಸೋ ಬೋರ್ಡೋ ದ್ರಾವಣದ ಚರಿತ್ರೆಯೂ ಅದರೊಳಗೇ ಬಂತು. ಅದನ್ನೇ ಇಲ್ಲಿ ಬರೀತೀನಿ.

ಮೊದಲ ಕಾಲ: ಕೊಲ್ಲತ್ತೆ ಅಂತ ಗೊತ್ತು, ಹೇಗೆ ಅಂತ ಗೊತ್ತಿಲ್ಲ

1807ರಲ್ಲಿ ಫ್ರಾನ್ಸ್ ದೇಶದಲ್ಲಿ ಬೆನೆಡಿಕ್ಟ್ ಪ್ರೆವೋ ಅನ್ನೋರು ಗೋಧಿಗೆ ಬರೋ ಕಾಡಿಗೆ ರೋಗದ ಮೇಲೆ ಒಂದು ಪುಸ್ತಕ ಬರೆದರು. ತಾಮ್ರದ ಪಾತ್ರೆಯಲ್ಲಿದ್ದ ನೀರಲ್ಲಿ ಆ ರೋಗದ ಬೀಜಕಣ ಸರಿಯಾಗಿ ಮೊಳೆಯಲ್ಲ ಅನ್ನೋದು ಅವರ ಕಣ್ಣಿಗೆ ಬಿತ್ತು. ಅಲ್ಲಿಂದ ಮೈಲುತುತ್ತದ ನೀರಲ್ಲಿ ಬಿತ್ತನೆ ಗೋಧಿ ನೆನೆಸೋ ದಾರಿ ತೆರೀತು.

ಆಮೇಲೆ ದ್ರಾಕ್ಷಿ. ಬೋರ್ಡೋ ಅನ್ನೋದು ಫ್ರಾನ್ಸಿನ ಒಂದು ಊರು. ಆ ಸೀಮೆಯ ರೈತರು ರಸ್ತೆ ಬದಿ ದ್ರಾಕ್ಷಿ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚೋರು. ರೋಗಕ್ಕಲ್ಲ, ದಾರಿಹೋಕರು ಕಿತ್ತು ತಿನ್ನಬಾರದು ಅಂತ. ನೀಲಿ ಬಣ್ಣ ನೋಡಿ ವಿಷ ಅಂತ ಹೆದರಲಿ ಅಂತ. 1882ರಲ್ಲಿ ಮಿಲಾರ್ಡೆ ಅನ್ನೋ ಪ್ರೊಫೆಸರು ಆ ದಾರೀಲಿ ಹೋಗ್ತಾ ನೋಡಿದರು. ರಸ್ತೆ ಬದಿ ಬಳ್ಳೀಲಿ ಎಲೆ ನಿಂತಿದೆ, ಒಳಗಿನ ಸಾಲಲ್ಲಿ ರೋಗ ಬಂದು ಉದುರಿದೆ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಅಂತ ಹಾಕಿದ್ದು ರೋಗಕ್ಕೆ ಮದ್ದಾಯಿತು.

ಈಗ ನಮ್ಮ ಸೀಮೆಗೆ ಬರೋಣ. ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾ ದೇಶದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಬೂಷ್ಟು ರೋಗ ಮತ್ತೆ ಕೀಟ ಎರಡೂ ನೋಡೋ ತಜ್ಞರು. ಆಗ ಮಲೆನಾಡಲ್ಲಿ ಅಡಿಕೆಗೆ ಕೊಳೆರೋಗ ಅಂದ್ರೆ ಮನೆ ಮುಳುಗಿಸೋ ರೋಗ. ರೈತರಿಗೆ ಇದ್ದ ಒಂದೇ ದಾರಿ ಕೊನೆಗೆ ಮಳೆ ನೀರು ಬೀಳದ ಹಾಗೆ ಕೊಟ್ಟೆ ಕಟ್ಟೋದು. ಪ್ರತಿ ಮರ ಹತ್ತಿ, ಪ್ರತಿ ಕೊನೆಗೂ ಕಟ್ಟಬೇಕು. ಕೋಲ್ಮನ್ ಈ ರೋಗ ತರೋದು ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿ ಅಂತ ವಿವರವಾಗಿ ಅಭ್ಯಾಸ ಮಾಡಿ 1910ರಲ್ಲಿ ಕೊಳೆರೋಗದ ಮೇಲೆ ಪುಸ್ತಿಕೆ ಹೊರಡಿಸಿದರು. ಬೋರ್ಡೋ ದ್ರಾವಣ ಹೊಡೆಯೋ ಪದ್ಧತಿ ಮಲೆನಾಡಿನ ತೋಟಗಳಿಗೆ ಬಂದಿದ್ದು ಅವರ ಕೆಲಸದಿಂದ. 1913ರಲ್ಲಿ ಅವರೇ ಕೃಷಿ ಇಲಾಖೆಯ ನಿರ್ದೇಶಕರಾದರು. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಗಿದ್ದೂ ಅವರ ಕಾಲದಲ್ಲೇ.

ಆಗ ಎಮ್ಮೆದೊಡ್ಡಿ ಕಡೆ ಇಷ್ಟೊಂದು ಅಡಿಕೆ ಎಲ್ಲಿತ್ತು? ನಮ್ಮದು ರಾಗಿ, ಜೋಳದ ಸೀಮೆ, ಮದಗದ ಕೆರೆ ತುಂಬಿದ್ರೆ ಒಂದಿಷ್ಟು ಗದ್ದೆ. ಅಡಿಕೆ ಬೆಟ್ಟದ ಆ ಕಡೆಯದು. ಈಗ ಬೋರು ಹಾಕಿ ನಾವೂ ಅಡಿಕೆಯವರಾಗಿದೀವಿ. ಅಡಿಕೆ ಜೊತೆ ಮೈಲುತುತ್ತವೂ ಬಂತು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎಲ್ಲರಿಗೂ ಬಾಯಿಪಾಠ.

ಈ ದ್ರಾವಣ ಸರಿಯಾಗಿದೆಯಾ ಅಂತ ನಾವು ಹೇಗೆ ನೋಡ್ತೀವಿ? ತಿಕ್ಕಿ ತೊಳೆದ ಕುಡುಗೋಲು ಅದ್ದಿ ಎತ್ತುತೀವಿ. ಕಬ್ಬಿಣದ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಹೆಚ್ಚಾಗಿದೆ, ಇನ್ನೊಂದಿಷ್ಟು ಸುಣ್ಣ ಬೇಕು. ಆ ಡ್ರಮ್ಮಿನಲ್ಲಿ ಉಪ್ಪು ಹೆಚ್ಚಾಗಿದ್ರೆ, ನೀರು ಬಿಸಿಯಾಗಿದ್ರೆ ಆ ಕೆಂಪು ಬರಲ್ಲ. ಹೆಚ್ಚಿನ ತಾಮ್ರ ಇದ್ದರೆ ಮಾತ್ರ ಬರತ್ತೆ. ಇದು ಗುರುತು. ನಮ್ಮ ಕೈಯಲ್ಲೇ ಇತ್ತು ನೋಡಿ ಉದಾಹರಣೆ.

ಆದರೆ ತಾಮ್ರ ಆ ಸೂಕ್ಷ್ಮಜೀವಿಯ ಒಳಗೆ ಹೋಗಿ ಏನು ಮಾಡತ್ತೆ ಅಂತ ಪ್ರೆವೋಗೂ ಗೊತ್ತಿರಲಿಲ್ಲ, ಮಿಲಾರ್ಡೆಗೂ ಗೊತ್ತಿರಲಿಲ್ಲ, ಕೋಲ್ಮನ್ ಅವರಿಗೂ ಗೊತ್ತಿರಲಿಲ್ಲ. ಸಾಯತ್ತೆ ಅನ್ನೋದು ಗೊತ್ತಿತ್ತು. ಸಾವು ಅನ್ನೋದು ಎಲ್ಲಕ್ಕಿಂತ ದೊಡ್ಡ ಕೂಗು. ಅದರಿಂದ ಕಾರಣ ತಿಳಿಯಲ್ಲ.

ತಾಮ್ರದ ಚೊಂಬು

ನಮ್ಮ ಅಜ್ಜಿ ರಾತ್ರಿ ತಾಮ್ರದ ಚೊಂಬಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯೋಳು. ನಿಮ್ಮ ಮನೇಲೂ ಇದ್ದಿರತ್ತೆ. ಇದರ ಮೇಲೆ ಬೆಂಗಳೂರಿನ ಸಂಶೋಧಕರು ಮಾಡಿದ ಕೆಲಸ 2012ರಲ್ಲಿ ಪ್ರಕಟ ಆಗಿದೆ. ಕಾಲರಾ, ಆಮಶಂಕೆ, ಭೇದಿ ತರೋ ಬ್ಯಾಕ್ಟೀರಿಯಾ ಬೇಕಂತಲೇ ನೀರಿಗೆ ಸೇರಿಸಿ ತಾಮ್ರದ ಪಾತ್ರೇಲಿ 16 ಗಂಟೆ ಇಟ್ಟರು. ಆಮೇಲೆ ಬೆಳೆಸೋಕೆ ನೋಡಿದ್ರೆ ಬ್ಯಾಕ್ಟೀರಿಯಾ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿಗಿಂತ ಬಹಳ ಕಡಿಮೆ ಇತ್ತು.

ನನಗೆ ಹಿಡಿಸಿದ್ದು ಇನ್ನೊಂದು. ಅವರು ನೀರಿನ ಹುಳಿ ಕ್ಷಾರ ಎಷ್ಟು ಬದಲಾಯಿತು ಅಂತಲೂ ಅಳೆದಿದ್ದರು. ಬದಲಾವಣೆ ಬಹಳ ಸಣ್ಣದು. ಯಾಕೆ ಅಳೀಬೇಕು? ಪಾತ್ರೆಯಿಂದ ನೀರಿನ ಗುಣವೇ ಕೆಟ್ಟು ಬ್ಯಾಕ್ಟೀರಿಯಾ ಸತ್ತಿದ್ದರೆ, ಕೊಂದಿದ್ದು ತಾಮ್ರ ಅಂತ ಹೇಳೋ ಹಾಗಿಲ್ಲ. ಬೇರೆ ಕಾರಣ ಒಂದೊಂದಾಗಿ ತೆಗೆದುಹಾಕಿದ ಮೇಲೆ ಉಳಿಯೋದಕ್ಕೆ ಹೆಸರು ಕೊಡಬೇಕು. ಸತು ಅಂತ ಬರೆಯೋ ಮೊದಲು ನಾನು ಗುಂಡಿ ತೆಗೆದು ನೀರು ನೋಡಿದ್ದರೆ ಇದೇ ಕೆಲಸ ಆಗ್ತಿತ್ತು.

ಎರಡನೇ ಕಾಲ: ಗಾಬರಿಯ ಜೀನು ಸಿಕ್ಕಿದ್ದು

ಜೀನು ಅಂದ್ರೆ ಏನು ಅಂತ ಎರಡು ಮಾತು. ಪ್ರತಿ ಜೀವಕೋಶದ ಒಳಗೂ ಏನೇನು ಮಾಡ್ಕೋಬೇಕು ಅನ್ನೋ ಬರಹ ಇರತ್ತೆ. ಆ ಬರಹದ ಒಂದೊಂದು ಕಂತು ಒಂದೊಂದು ಜೀನು. ಎಲ್ಲ ಜೀನೂ ಎಲ್ಲ ಹೊತ್ತೂ ಕೆಲಸ ಮಾಡಲ್ಲ. ಮನೇಲಿ ನೇಗಿಲು, ಕುಂಟೆ, ಕುಡುಗೋಲು ಎಲ್ಲ ಇದ್ದರೂ ಆಯಾ ಕಾಲಕ್ಕೆ ಬೇಕಾದ್ದನ್ನ ಈಚೆ ತೆಗೀತೀವಲ್ಲ, ಹಾಗೆ.

1962ರಲ್ಲಿ ಇಟಲಿ ದೇಶದ ಫೆರುಚ್ಚೊ ರಿಟೋಸಾ ಅನ್ನೋರು ಹಣ್ಣಿನ ಮೇಲೆ ಕೂರೋ ಸಣ್ಣ ನೊಣದ ಮರಿ ಮೇಲೆ ಕೆಲಸ ಮಾಡ್ತಿದ್ದರು. ಯಾರೋ ಮರಿ ಇಟ್ಟಿದ್ದ ಪೆಟ್ಟಿಗೆಯ ಬಿಸಿ ಹೆಚ್ಚು ಮಾಡಿಬಿಟ್ಟಿದ್ದರು. ರಿಟೋಸಾ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಂದೂ ಕಾಣದ ಜಾಗದಲ್ಲಿ ವರ್ಣತಂತು ಉಬ್ಬಿಕೊಂಡಿತ್ತು. ಅಂದ್ರೆ ಅಲ್ಲಿನ ಜೀನು ಕೆಲಸಕ್ಕೆ ಎದ್ದಿತ್ತು. ಅವರು ಅಲ್ಲಿಗೇ ಬಿಟ್ಟು "ಬಿಸಿಯ ಜೀನು ಸಿಕ್ತು" ಅನ್ನಲಿಲ್ಲ. ಬಿಸಿ ಇಲ್ಲದೆ ಬೇರೆ ಎರಡು ರಾಸಾಯನಿಕ ಕೊಟ್ಟು ನೋಡಿದರು. ಅದೇ ಜಾಗದಲ್ಲಿ ಅದೇ ಉಬ್ಬು. ಬಿಸಿಗೂ ಎದ್ದಿತು, ರಾಸಾಯನಿಕಕ್ಕೂ ಎದ್ದಿತು.

ಮುಂದೆ ಬ್ಯಾಕ್ಟೀರಿಯಾದಲ್ಲೂ ಇಂಥದ್ದೇ ಏರ್ಪಾಡು ಇದೆ ಅಂತ ಗೊತ್ತಾಯಿತು. ಕೆಲಸ ಏನು ಅಂದ್ರೆ, ಕೋಶದೊಳಗಿನ ಪ್ರೋಟೀನು ಬಿಸಿಗೋ ವಿಷಕ್ಕೋ ಬೆಂದ ಮೊಟ್ಟೆ ಥರ ಗಂಟು ಕಟ್ಟಿಕೊಳ್ಳತ್ತೆ. ಅದನ್ನ ಬಿಡಿಸಿ ಮತ್ತೆ ಸರಿಯಾಗಿ ಮಡಿಸೋರು ಬೇಕು, ಕೆಟ್ಟಿದ್ದನ್ನ ಕತ್ತರಿಸಿ ಹಾಕೋರು ಬೇಕು. ಊರಲ್ಲಿ ಬೆಂಕಿ ಬಿದ್ದರೂ ಅದೇ ಜನ ಬಿಂದಿಗೆ ಹಿಡಿದು ಓಡ್ತಾರೆ, ಕೆರೆ ಏರಿ ಒಡೆದರೂ ಅದೇ ಜನ ಗುದ್ದಲಿ ಹಿಡಿದು ಓಡ್ತಾರೆ. ಜನ ಓಡಿದ್ದು ನೋಡಿ ಬೆಂಕಿಯೋ ನೀರೋ ಅಂತ ಹೇಳೋಕಾಗಲ್ಲ.

ಲೋಹದ ವಿಷಯಕ್ಕೆ ಇದನ್ನ ನೇರವಾಗಿ ತಂದಿದ್ದು 1987ರ ಒಂದು ಕೆಲಸ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವ್ಯಾನ್‌ಬೋಗೆಲೆನ್, ಕೆಲ್ಲಿ, ನೈಡ್‌ಹಾರ್ಟ್ ಅನ್ನೋ ಮೂವರು ನಮ್ಮ ಕರುಳಲ್ಲಿರೋ ಇ. ಕೋಲೈ ಬ್ಯಾಕ್ಟೀರಿಯಾ ತಗೊಂಡರು. ಒಂದಕ್ಕೆ ಬಿಸಿ, ಒಂದಕ್ಕೆ ಹೈಡ್ರೋಜನ್ ಪೆರಾಕ್ಸೈಡ್, ಒಂದಕ್ಕೆ ಆಲ್ಕೋಹಾಲು, ಒಂದಕ್ಕೆ ಕ್ಯಾಡ್ಮಿಯಂ ಲೋಹ, ಹೀಗೆ ಬೇರೆ ಬೇರೆ ಪೆಟ್ಟು ಕೊಟ್ಟು ಯಾವ ಪೆಟ್ಟಿಗೆ ಯಾವ ಪ್ರೋಟೀನು ಏಳತ್ತೆ ಅಂತ ಪಕ್ಕ ಪಕ್ಕ ಇಟ್ಟು ನೋಡಿದರು. ಕ್ಯಾಡ್ಮಿಯಂ ಕೊಟ್ಟಾಗ ಬಿಸಿಗೆ ಏಳೋ ಗುಂಪೂ ಎದ್ದಿತ್ತು, ಬೇರೆ ಕಷ್ಟಕ್ಕೆ ಏಳೋ ಗುಂಪೂ ಎದ್ದಿತ್ತು. ಕ್ಯಾಡ್ಮಿಯಂ ಒಂದನ್ನೇ ಕೊಟ್ಟು ನೋಡಿದ್ದರೆ ಅದೆಲ್ಲ ಕ್ಯಾಡ್ಮಿಯಂ ಜೀನು ಅಂತಲೇ ಪಟ್ಟಿ ಆಗ್ತಿತ್ತು. ಪಕ್ಕದಲ್ಲಿ ಬಿಸಿ ಇಟ್ಟಿದ್ದರಿಂದ ತಿಳೀತು. ನನ್ನ ಮಗಳಿಗೆ ಅವಳ ಮೇಷ್ಟ್ರು ಕೇಳಿದ ಪ್ರಶ್ನೆ ಅಷ್ಟು ಹಳೇದು.

ಮೂರನೇ ಕಾಲ: ಲೋಹಕ್ಕೇ ಮೀಸಲಾದ ಬೀಗ

ಹಾಗಾದ್ರೆ ಬ್ಯಾಕ್ಟೀರಿಯಾದಲ್ಲಿ ತಾಮ್ರದ್ದೇ ಅಂತ ಗುರುತು ಇಲ್ವಾ? ಇದೆ. ಇ. ಕೋಲೈಯಲ್ಲಿ ಒಂದು ಕಾವಲುಗಾರ ಪ್ರೋಟೀನು ಇದೆ, ಹೆಸರು ಕ್ಯೂ-ಆರ್. ಅದರಲ್ಲಿ ತಾಮ್ರ ಕೂರೋಕೆ ಅಂತಲೇ ಒಂದು ಸಣ್ಣ ಗೂಡು. ತಾಮ್ರ ಬಂದು ಕೂತರೆ ಬೀಗಕ್ಕೆ ಕೀಲಿ ಬಿದ್ದ ಹಾಗೆ. ಆಗ ಒಂದು ಪಂಪು ತಯಾರಾಗಿ ತಾಮ್ರವನ್ನ ಕೋಶದಿಂದ ಹೊರಗೆ ಎತ್ತಿ ಹಾಕತ್ತೆ. ಸತು ಬಂದರೆ ಈ ಬೀಗ ತೆರೆಯಲ್ಲ, ಸತುವಿಗೆ ಬೇರೆ ಕಾವಲುಗಾರ ಇದಾನೆ. ಬರೀ ಬಿಸಿ ಈ ಬೀಗಕ್ಕೆ ಕೀಲಿ ಆಗಲ್ಲ. ಈ ಕ್ಯೂ-ಆರ್ ಎಷ್ಟು ಸೂಕ್ಷ್ಮ ಅಂದ್ರೆ, ಕೋಶದೊಳಗೆ ಬಿಡಿಯಾಗಿ ಓಡಾಡೋ ತಾಮ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನೋ ಮಟ್ಟದಲ್ಲೇ ಅದು ಎಚ್ಚರ ಆಗತ್ತೆ ಅಂತ 2003ರಲ್ಲಿ ತೋರಿಸಿದರು.

ಕೂಗನ್ನೇ ಕಾರಣ ಅಂದುಕೊಂಡು ವಿಜ್ಞಾನವೂ ಬಹಳ ಕಾಲ ಜಾರಿದ ಒಂದು ಜಾಗ ಹೇಳ್ತೀನಿ. ತಾಮ್ರ ಹೇಗೆ ಕೊಲ್ಲತ್ತೆ ಅಂತ ಕೇಳಿದ್ರೆ ಎಲ್ಲರೂ ಹೇಳ್ತಿದ್ದ ಉತ್ತರ ಒಂದಿತ್ತು. ತಾಮ್ರ ಕೋಶದೊಳಗೆ ಆಮ್ಲಜನಕದ ಕಿಡಿ ಎಬ್ಬಿಸತ್ತೆ, ಆ ಕಿಡಿ ಡಿ.ಎನ್.ಎ. ಸುಡತ್ತೆ ಅಂತ. ತಾಮ್ರ ಕೊಟ್ಟಾಗ ಕಿಡಿ ಆರಿಸೋ ಜೀನು ಏಳೋದೂ ಕಾಣ್ತಿತ್ತು, ಹಾಗಾಗಿ ಲೆಕ್ಕ ಸರಿ ಹೋಗ್ತಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಮ್ಲೇ ಅನ್ನೋರು, ಅವರ ಜೊತೆ ಮಾಕಂಬರ್ ಅನ್ನೋರು ಇದನ್ನ ನೇರವಾಗಿ ಪರೀಕ್ಷೆ ಮಾಡಿದರು. 2007ರಲ್ಲಿ ತಾಮ್ರ ತುಂಬಿದ ಇ. ಕೋಲೈಯಲ್ಲಿ ಡಿ.ಎನ್.ಎ. ಹಾಗೆ ಸುಟ್ಟಿರಲಿಲ್ಲ ಅಂತ ತೋರಿಸಿದರು. 2009ರಲ್ಲಿ ಇನ್ನೂ ಮುಂದೆ ಹೋದರು. ಗಾಳಿಯೇ ಇಲ್ಲದ ಕಡೆಯೂ ತಾಮ್ರ ಕಾಡಿತು. ಆಮ್ಲಜನಕ ಇಲ್ಲದ ಕಡೆ ಆಮ್ಲಜನಕದ ಕಿಡಿ ಎಲ್ಲಿಂದ ಬರತ್ತೆ?

ನಿಜವಾದ ಪೆಟ್ಟು ಬೇರೆ ಕಡೆ ಬೀಳ್ತಿತ್ತು. ಕೋಶದ ಕೆಲವು ಕಿಣ್ವಗಳ ಒಳಗೆ ಕಬ್ಬಿಣ, ಗಂಧಕ ಸೇರಿದ ಒಂದು ಸಣ್ಣ ಗಂಟು ಇರತ್ತೆ. ತಾಮ್ರ ಗಂಧಕಕ್ಕೆ ಅಂಟಿಕೊಂಡು ಕಬ್ಬಿಣವನ್ನ ಆಚೆ ನೂಕತ್ತೆ. ಅಂಥ ಒಂದು ಕಿಣ್ವ ನಿಂತರೆ ಕೆಲವು ಅಮೈನೋ ಆಮ್ಲ ತಯಾರಾಗೋದು ನಿಲ್ಲತ್ತೆ. ಅವರು ಆ ಅಮೈನೋ ಆಮ್ಲಗಳನ್ನ ಹೊರಗಿನಿಂದ ಕೊಟ್ಟರು. ತಾಮ್ರ ಇದ್ದರೂ ಬ್ಯಾಕ್ಟೀರಿಯಾ ಚೇತರಿಸಿಕೊಂಡಿತು. ಕಾರಣ ಇದೇ ಅಂತ ಹೇಳಬೇಕಾದರೆ ಹೀಗೆ ಹೇಳಬೇಕು: ಆ ಒಂದನ್ನ ಸರಿ ಮಾಡಿದರೆ ಕಷ್ಟ ನೀಗಬೇಕು.

ನಾನೂ ಸತು ಕೊಟ್ಟೆ, ಹಸಿರೂ ಬಂತು, ಅಲ್ವಾ? ವ್ಯತ್ಯಾಸ ಇಷ್ಟೇ. ಅವರು ಕೊಡದೆ ಇಟ್ಟ ಬ್ಯಾಕ್ಟೀರಿಯಾನೂ ಪಕ್ಕದಲ್ಲಿ ಇತ್ತು. ನಾನು ಎಲ್ಲ ಸಸಿಗೂ ಕೊಟ್ಟುಬಿಟ್ಟಿದ್ದೆ. ಕೊಡದ ಸಸಿ ಒಂದೂ ಉಳಿಸಿರಲಿಲ್ಲ. ಹತ್ತು ಸಸಿ ಬಿಟ್ಟಿದ್ದರೆ ಅವೂ ಹಸಿರಾಗೋವು, ನನ್ನ ಬಾಯಿ ಅಲ್ಲಿಗೇ ಮುಚ್ಚೋದು, ಕೆಳಗಿನ ತೋಟದ ಅರವತ್ತು ಸಸಿ ಉಳಿಯೋವು.

ನಾಲ್ಕನೇ ಕಾಲ: ಎಲ್ಲ ಜೀನೂ ಒಟ್ಟಿಗೆ

ಆಮೇಲೆ ಒಂದು ಬ್ಯಾಕ್ಟೀರಿಯಾದ ಎಲ್ಲ ಜೀನನ್ನೂ ಒಂದೇ ಸಲ ನೋಡೋ ಉಪಕರಣ ಬಂತು. 2005ರಲ್ಲಿ ಅಮೆರಿಕದಲ್ಲಿ ಕೌಲೋಬ್ಯಾಕ್ಟರ್ ಅನ್ನೋ ನೀರಿನ ಬ್ಯಾಕ್ಟೀರಿಯಾಕ್ಕೆ ಕ್ರೋಮಿಯಂ, ಕ್ಯಾಡ್ಮಿಯಂ, ಸೆಲೆನಿಯಂ, ಯುರೇನಿಯಂ ನಾಲ್ಕನ್ನೂ ಬೇರೆ ಬೇರೆ ಕೊಟ್ಟು ಪಟ್ಟಿ ಮಾಡಿದರು. ಮುಖ್ಯವಾಗಿ ಕಂಡಿದ್ದು ಆ ಕಿಡಿ ಆರಿಸೋ ಕೆಲಸ, ಅದು ಕೂಗು. ಅದರ ಹಿಂದೆ ಮೀಸಲು ಉತ್ತರಗಳು ಇದ್ದವು. ಕ್ಯಾಡ್ಮಿಯಂ ಬಂದಾಗ ಅದನ್ನ ಎತ್ತಿ ಹಾಕೋ ಪಂಪುಗಳು. ಕ್ರೋಮಿಯಂ ಬಂದಾಗ ಅದು ಒಳಗೆ ನುಸುಳೋ ಗಂಧಕದ ಬಾಗಿಲು ಸಣ್ಣ ಮಾಡಿಕೊಳ್ಳೋದು. ಯುರೇನಿಯಂಗೆ ಬೇರೆಯೇ ಜೀನು.

ಇದರಿಂದ ಉಪಯೋಗ ಏನು ಅಂತ ಕೇಳಬೇಡಿ, ಇದೆ. ಯುರೇನಿಯಂಗೆ ಏಳೋ ಜೀನಿನ ಸ್ವಿಚ್ಚಿಗೆ ಹೊಳೆಯೋ ಪ್ರೋಟೀನು ಜೋಡಿಸಿ, ನೀರಲ್ಲಿ ಯುರೇನಿಯಂ ಇದ್ದರೆ ಹೊಳೆಯೋ ಬ್ಯಾಕ್ಟೀರಿಯಾನ 2007ರಲ್ಲಿ ಮಾಡಿದರು. ಪಾಷಾಣ ಅಂತೀವಲ್ಲ, ಆರ್ಸೆನಿಕ್, ಅದಕ್ಕೂ ಇಂಥ ಬ್ಯಾಕ್ಟೀರಿಯಾ ಮಾಡಿ ವಿಯೆಟ್ನಾಂ ದೇಶದ ಬಾವಿ ನೀರು ಪರೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದರು. ಗಾಬರಿಯ ಜೀನಿಗೆ ಬೆಳಕು ಕಟ್ಟಿದ್ದರೆ ಬಿಸಿಲಿಗೂ ಹೊಳೆಯೋದು, ಉಪ್ಪಿಗೂ ಹೊಳೆಯೋದು, ಯಾವ ಬಾವಿ ಕುಡಿಯಬೇಕು ಅಂತ ತಿಳೀತಾನೇ ಇರಲಿಲ್ಲ. ಕೂಗು ಬೇರೆ ಗುರುತು ಬೇರೆ ಅನ್ನೋದು ಇಲ್ಲಿ ಮಕ್ಕಳು ಕುಡಿಯೋ ನೀರಿನ ಪ್ರಶ್ನೆ.

ಇನ್ನೊಂದು ದಾರಿ ಜೀನನ್ನ ಕೆಡಿಸಿ ನೋಡೋದು. ಒಂದೊಂದು ಬ್ಯಾಕ್ಟೀರಿಯಾದಲ್ಲಿ ಒಂದೊಂದು ಜೀನು ಕೆಡಿಸಿ, ಪ್ರತಿಯೊಂದಕ್ಕೂ ಗುರುತಿನ ಚೀಟಿ ಕಟ್ಟಿ, ಎಲ್ಲ ಒಟ್ಟಿಗೆ ಕಲಸಿ ಬೇರೆ ಬೇರೆ ಕಷ್ಟದಲ್ಲಿ ಬೆಳೆಸ್ತಾರೆ. ಹತ್ತು ತಳಿ ರಾಗಿ ಕಲಸಿ ಒಂದು ಹೊಲ ಬರದಲ್ಲಿ, ಒಂದು ಹೊಲ ಜೌಗಲ್ಲಿ ಬಿತ್ತಿ ಯಾವ ತಳಿ ಎಲ್ಲಿ ಸೋತಿತು ಅಂತ ಎಣಿಸಿದ ಹಾಗೆ. ಒಂದು ಜೀನು ಕೆಟ್ಟಾಗ ತಾಮ್ರದಲ್ಲಿ ಮಾತ್ರ ಸೋತರೆ ಅದು ತಾಮ್ರದ ಜೀನು. ತಾಮ್ರ, ಉಪ್ಪು, ಬಿಸಿ ಎಲ್ಲದರಲ್ಲೂ ಸೋತರೆ ಅದು ಸಾಮಾನ್ಯ ಬಲದ ಜೀನು. 2018ರಲ್ಲಿ 32 ಬಗೆಯ ಬ್ಯಾಕ್ಟೀರಿಯಾಕ್ಕೆ ಹೀಗೆ ಮಾಡಿದ ದೊಡ್ಡ ಕೆಲಸ ಪ್ರಕಟ ಆಗಿದೆ. ಮಗಳೂ ಈಗ ಇದೇ ಬುದ್ಧಿ ಉಪಯೋಗಿಸ್ತಾಳೆ. ತಾಮ್ರದ ಪಕ್ಕ ಬಿಸಿ, ಉಪ್ಪು, ಸತು ಇಟ್ಟು, ತಾಮ್ರ ಕಡಿಮೆ ಕಡಿಮೆ ಕೊಟ್ಟು ನೋಡ್ತಾ ಇದಾಳೆ. ಯಾಕೆ ಕಡಿಮೆ ಅಂದ್ರೆ, ಹೆಚ್ಚು ಕೊಟ್ಟರೆ ಸಾಯೋ ಗಾಬರಿಯಲ್ಲಿ ಎಲ್ಲ ಜೀನೂ ಏಳತ್ತೆ, ಕೂಗಲ್ಲಿ ಗುರುತು ಮುಚ್ಚಿಹೋಗತ್ತೆ.

ನಮಗೆ ಇದರಲ್ಲಿ ಎಚ್ಚರಿಕೆಯೂ ಇದೆ

ತಾಮ್ರಕ್ಕೇ ಮೀಸಲಾದ ಜೀನು ಇದೆ ಅಂದ್ರೆ ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೊಮ್ಯಾಟೊಗೆ ಚುಕ್ಕೆ ರೋಗ ತರೋ ಒಂದು ಬ್ಯಾಕ್ಟೀರಿಯಾ ತಾಮ್ರಕ್ಕೆ ಬಗ್ಗದ ಹಾಗೆ ಆಗಿತ್ತು. ಆ ಶಕ್ತಿ ಕೈ ಬದಲಾಯಿಸಬಲ್ಲ ಒಂದು ಡಿ.ಎನ್.ಎ. ಉಂಗುರದಲ್ಲಿದೆ ಅಂತ 1986ರಲ್ಲಿ ಕಂಡರು. ಅಂಥ ಬ್ಯಾಕ್ಟೀರಿಯಾನ ತಾಮ್ರ ಹಾಕಿದ ತಟ್ಟೇಲಿ ಬೆಳೆಸಿದ್ರೆ ತಾಮ್ರ ಹಿಡಿದಿಟ್ಟುಕೊಂಡು ನೀಲಿ ಬಣ್ಣಕ್ಕೆ ತಿರುಗತ್ತೆ. ಡೆನ್ಮಾರ್ಕಿನಲ್ಲಿ ಹಂದಿ ಮೇವಿಗೆ ತಾಮ್ರ ಹಾಕೋ ಕಡೆ, ಹಂದಿಯ ಕರುಳಿನ ಬ್ಯಾಕ್ಟೀರಿಯಾದಲ್ಲಿ ತಾಮ್ರ ತಡೆಯೋ ಜೀನೂ ಔಷಧಿ ತಡೆಯೋ ಜೀನೂ ಜೊತೆಗೇ ಇರೋದು 2002ರಲ್ಲಿ ಕಂಡುಬಂತು.

ಇದನ್ನ ಓದಿ ಯಾರೂ ನಾಳೆಯಿಂದ ಬೋರ್ಡೋ ಬಿಡಬೇಡಿ. ಕೊಳೆರೋಗ ಬಂದರೆ ಬೇರೆ ಗತಿ ಇಲ್ಲ, ನಾನೂ ಹೊಡೀತೀನಿ. ಆದರೆ ತಾಮ್ರ ಲೋಹ. ಮಣ್ಣಿಗೆ ಬಿದ್ದಿದ್ದು ಕೊಳೆತು ಹೋಗಲ್ಲ, ಅಲ್ಲೇ ಸೇರ್ತಾ ಹೋಗತ್ತೆ. ಎಲೆ ಹಳದಿ ಅಂದ ತಕ್ಷಣ, ಸಸಿ ಬಾಡಿತು ಅಂದ ತಕ್ಷಣ ಬುಡಕ್ಕೆ ಬೋರ್ಡೋ ಸುರಿಯೋದು ಕೂಗಿಗೆ ಮದ್ದು ಕೊಟ್ಟ ಹಾಗೆ. ಒಂದು ಕೈಯಲ್ಲಿ ಬೋರ್ಡೋ ಸುರಿದು ಮಾರನೇ ದಿನ ಅಲ್ಲಿಗೇ ಟ್ರೈಕೋಡರ್ಮ ಹಾಕೋದೂ ದುಡ್ಡು ದಂಡ. ಅದೂ ಬೂಷ್ಟೇ ತಾನೇ, ತಾಮ್ರಕ್ಕೆ ನಮ್ಮದು ತಮ್ಮದು ಅಂತ ಗೊತ್ತಾಗಲ್ಲ.

ಸತು ಸುಳ್ಳು ಅಂತಲೂ ತಿಳ್ಕೋಬೇಡಿ. ಉತ್ತರ ಭಾರತದ ಪಂತನಗರದಲ್ಲಿ ಭತ್ತಕ್ಕೆ ಖೈರಾ ಅನ್ನೋ ರೋಗ ಬರ್ತಿತ್ತು. ಅದು ಸತುವಿನ ಕೊರತೆ ಅಂತ 1966ರಲ್ಲಿ ನೆನೆ ಅನ್ನೋ ವಿಜ್ಞಾನಿ ತೋರಿಸಿದರು. ಅಲ್ಲಿ ಸತುವೇ ಉತ್ತರ. ನನ್ನ ತೋಟದಲ್ಲಿ ಅಲ್ಲ. ಲೋಹದ ತಪ್ಪಲ್ಲ, ನೋಡಿದವನ ತಪ್ಪು.

ಈ ಸಲ ಮಾಡಿದ್ದು ಹೇಳಿ ಮುಗಿಸ್ತೀನಿ. ಮಳೆಗೆ ಮುಂಚೆ ನಾನೂ ಕೆಳಗಿನ ತೋಟದ ಹುಡುಗನೂ ಸೇರಿ ಅವನ ಬಸಿಗಾಲುವೆ ತೆಗೆದಿದೀವಿ. ಸಸಿ ಖರ್ಚಲ್ಲಿ ಅರ್ಧ ನಾನು ಕೊಡ್ತೀನಿ ಅಂದೆ, ಬೇಡ ಅಂದ. ಬಲವಂತ ಮಾಡಿ ಮೂವತ್ತು ಸಸಿ ನನ್ನ ಪಾತಿಯಿಂದ ಕೊಟ್ಟಿದೀನಿ. ನನ್ನ ತೋಟದ ತಗ್ಗಿನ ಸಾಲಲ್ಲಿ ನಲವತ್ತು ಸಸಿಗೆ ಬಣ್ಣದ ದಾರ ಕಟ್ಟಿದೀನಿ. ಹತ್ತಕ್ಕೆ ಸತು ಮಾತ್ರ, ಹತ್ತಕ್ಕೆ ಕಾಲುವೆ ಮಾತ್ರ, ಹತ್ತಕ್ಕೆ ಎರಡೂ, ಹತ್ತಕ್ಕೆ ಏನೂ ಇಲ್ಲ. ಆ ಕೊನೇ ಹತ್ತನ್ನ ನೋಡಿದಾಗ ನನ್ನ ಹೆಂಡತಿ "ಇವೇನು ಪಾಪ ಮಾಡಿದ್ವು" ಅಂತಾಳೆ. ಅವೇ ನಮಗೆ ನಿಜ ಹೇಳೋವು ಅಂತ ಹೇಳಿದೀನಿ.

ದೀಪಾವಳಿ ಹೊತ್ತಿಗೆ ನಾಲ್ಕೂ ಗುಂಪಿನ ಫೋಟೋ ಹಾಕ್ತೀನಿ. ನಾನು ಅಂದುಕೊಂಡ ಹಾಗೆ ಬರದೇ ಇದ್ದರೂ ಹಾಕ್ತೀನಿ. ಹೋದ ವರ್ಷದ ನನ್ನ ಬರಹ ಅಳಿಸಿಲ್ಲ, ಅದರ ಕೆಳಗೆ ಇದು ತಪ್ಪು ಅಂತ ಬರೆದಿಟ್ಟಿದೀನಿ. ಯಾರ ತೋಟದಲ್ಲಾದರೂ ಈಗ ಸೋಗೆ ಹಳದಿ ಇದ್ದರೆ ಅಂಗಡಿಗೆ ಹೋಗೋ ಮೊದಲು ಬುಡದಲ್ಲಿ ಎರಡಡಿ ಗುಂಡಿ ತೆಗೆದು ನೋಡಿ. ನೀರಿದ್ದರೆ ಗುದ್ದಲಿ ಸಾಕು.